ಅದಿರು ಲಾರಿಯ ಕಲ್ಲಿಗೆ ಹುಡುಗರ ಬೋನಸ್ ಬಲಿಯಾಗಬಾರದು

ಸಂಪಾದಕರಿಗೆ,

ಮಾನ್ಯರೇ,

ಬಳ್ಳಾರಿಯಲ್ಲಿ ಮೋಟಾರು ವಿಮೆಯ ನಷ್ಟ ಅಂದಾಜು ಮಾಡುವ ಸರ್ವೇಯರ್ ಆಗಿ ಬಹುಕಾಲ ದುಡಿದು ನಿವೃತ್ತನಾಗಿರುವ ನನ್ನ ಬಳಿಗೆ, ಹೊಸದಾಗಿ ಕಾರು ಕೊಂಡ ಇಪ್ಪತ್ತೆರಡು, ಇಪ್ಪತ್ತೈದು ವಯಸ್ಸಿನ ಹುಡುಗರು ಈಗಲೂ ಪಾಲಿಸಿಯ ಕಾಗದ ಹಿಡಿದುಕೊಂಡು ಬರುತ್ತಾರೆ. ಬೆಂಗಳೂರಿನ ಗೆಳೆಯನೊಬ್ಬ ಇದೇ ಕಾರಿಗೆ ಬೇರೆಯೇ ಮೊತ್ತ ಕಟ್ಟಿದ್ದಾನಲ್ಲ, ನಮಗೇಕೆ ಇಷ್ಟು ಎಂಬುದು ಅವರಲ್ಲಿ ಹೆಚ್ಚಿನವರ ಪ್ರಶ್ನೆ. ವಯಸ್ಸು ಚಿಕ್ಕದೆಂದು ಕಂಪನಿ ಹೆಚ್ಚು ಹಾಕಿದೆ ಎಂದು ಕೆಲವರು ತಿಳಿದಿರುತ್ತಾರೆ. ಬಳ್ಳಾರಿಯ ಗಾಡಿ ಎಂದರೆ ದರವೇ ಜಾಸ್ತಿ ಎಂದು ಶೋರೂಮಿನಲ್ಲಿ ಯಾರೋ ಹೇಳಿದ ಮಾತನ್ನು ಇನ್ನು ಕೆಲವರು ನಂಬಿರುತ್ತಾರೆ. ನಾನು ಕಂಡಂತೆ ನಮ್ಮ ಭಾಗದ ಯುವಕರ ವಿಮೆಯನ್ನು ದುಬಾರಿ ಮಾಡುತ್ತಿರುವುದು ಅವರ ವಯಸ್ಸಲ್ಲ, ಅವರು ದಿನವೂ ಓಡಾಡುವ ರಸ್ತೆ. ಆ ರಸ್ತೆಯ ಭಾರ ಪ್ರೀಮಿಯಂ ಚೀಟಿಯಲ್ಲಿ ಎದ್ದು ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಮಾತನಾಡುತ್ತಿಲ್ಲ ಎಂಬ ಬೇಸರದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕಡ್ಡಾಯ ವಿಮೆಯ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, ಇಲ್ಲದೆ ಯಾವ ವಾಹನವೂ ರಸ್ತೆಗೆ ಇಳಿಯುವಂತಿಲ್ಲ; ಇಳಿದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗಿನ ಜೈಲು, ಇಲ್ಲವೆ ಎರಡೂ. ಈ ವಿಮೆಯ ದರವನ್ನು ಕಂಪನಿ ನಿಗದಿ ಮಾಡುವುದಿಲ್ಲ, ಕೇಂದ್ರ ಸರ್ಕಾರ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟ ಕಾರಿಗೆ 7,897 ರೂಪಾಯಿ ಎಂದಿದೆ. ಆ ಪಟ್ಟಿಯಲ್ಲಿ ಓಡಿಸುವವನ ವಯಸ್ಸು ಬರುವುದಿಲ್ಲ, ಊರಿನ ಹೆಸರೂ ಬರುವುದಿಲ್ಲ. ಕೌಲ್ ಬಜಾರಿನ ಹುಡುಗನೂ ಬೆಂಗಳೂರಿನ ಅರವತ್ತರ ಹಿರಿಯರೂ ಕಟ್ಟುವುದು ಒಂದೇ ಮೊತ್ತ.

ವ್ಯತ್ಯಾಸ ಶುರುವಾಗುವುದು ನಮ್ಮ ಕಾರಿಗೇ ಆಗುವ ಹಾನಿಗೆಂದು ಮಾಡಿಸುವ ವಿಮೆಯಲ್ಲಿ, ಅಂದರೆ ಸ್ವಂತ ಹಾನಿಯ ವಿಮೆಯಲ್ಲಿ. ಜನ ಫುಲ್ ಇನ್ಶೂರೆನ್ಸ್ ಎನ್ನುವುದರ ಅರ್ಧಭಾಗ ಇದು. 2007ರ ಜನವರಿ 1ರಿಂದ ಇದರ ದರವನ್ನು ಕಂಪನಿಗಳ ವಿವೇಚನೆಗೆ ಬಿಡಲಾಗಿದೆ. ಹೀಗಾಗಿ ಒಂದೊಂದು ಕಂಪನಿ ಒಂದೊಂದು ರಿಯಾಯಿತಿ ಕೊಡುತ್ತದೆ, ಕೆಲವು ಕಂಪನಿಗಳು ಮಾಲೀಕನ ವಯಸ್ಸು, ಉದ್ಯೋಗಗಳನ್ನೂ ಕೇಳುತ್ತವೆ. ಆದರೂ ಲೆಕ್ಕದ ಬುನಾದಿಯಾಗಿ ಹಳೆಯ ದರಪಟ್ಟಿಯ ವಲಯ ವಿಂಗಡಣೆ ಉಳಿದುಕೊಂಡಿದೆ. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈ, ನವದೆಹಲಿ, ಪುಣೆ ಎಂಬ ಎಂಟು ನಗರಗಳು ‘ಎ’ ವಲಯ. ದೇಶದ ಉಳಿದ ಊರುಗಳೆಲ್ಲ ‘ಬಿ’ ವಲಯ. ಬಳ್ಳಾರಿಯ ಕೆಎ-34, ಹೊಸಪೇಟೆಯ ಕೆಎ-35, ರಾಯಚೂರಿನ ಕೆಎ-36, ಕೊಪ್ಪಳದ ಕೆಎ-37 ನೋಂದಣಿಯ ಕಾರುಗಳೆಲ್ಲ ‘ಬಿ’ ವಲಯಕ್ಕೆ ಸೇರುತ್ತವೆ. ಐದು ವರ್ಷ ದಾಟದ, 1,000ದಿಂದ 1,500 ಸಿಸಿ ಒಳಗಿನ ಕಾರಿಗೆ ‘ಎ’ ವಲಯದಲ್ಲಿ ಮೂಲದರ ಕಾರಿಗೆ ಕಟ್ಟಿದ ಬೆಲೆಯ ಶೇ 3.283, ‘ಬಿ’ ವಲಯದಲ್ಲಿ ಶೇ 3.191. ಆರು ಲಕ್ಷ ರೂಪಾಯಿ ಬೆಲೆ ಕಟ್ಟಿದ ಕಾರಿಗೆ ಈ ಲೆಕ್ಕ ಹಾಕಿದರೆ ವ್ಯತ್ಯಾಸ 552 ರೂಪಾಯಿ ಮಾತ್ರ, ಅದೂ ನಮ್ಮ ಪರವಾಗಿ. ವಲಯ ನಿರ್ಧಾರವಾಗುವುದು ಕಾರು ಎಲ್ಲಿ ಓಡುತ್ತದೆ ಎಂಬುದರಿಂದಲ್ಲ, ಎಲ್ಲಿ ನೋಂದಣಿಯಾಗಿದೆ ಎಂಬುದರಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಕಾರು ನೋಂದಾಯಿಸಿ, ಆಮೇಲೆ ಊರಿಗೆ ಮರಳಿದ ನಮ್ಮ ಹುಡುಗರು ಸಂಡೂರಿನ ರಸ್ತೆಯಲ್ಲಿ ಕಾರು ಓಡಿಸುತ್ತಾ ಬೆಂಗಳೂರಿನ ದರವನ್ನೇ ಕಟ್ಟುತ್ತಿರುವುದನ್ನು ಕಂಡಿದ್ದೇನೆ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಜಿಲ್ಲೆಯ ಮಕ್ಕಳು ಫೋನಿನಲ್ಲಿ ಹೇಳುವ ಕಥೆಯೇ ಬೇರೆ. ಅಲ್ಲಿ ಇಪ್ಪತ್ತೈದು ದಾಟದವನಿಗೆ ವಿಮೆ ಬಹಳ ದುಬಾರಿ; ಮನೆಯ ಪಿನ್ ಕೋಡ್ ಬದಲಾದರೆ ಪ್ರೀಮಿಯಂ ಬದಲಾಗುತ್ತದೆ. ಅಲ್ಲಿಯೂ ಎಲ್ಲ ರಾಜ್ಯಗಳ ನಿಯಮ ಒಂದೇ ಅಲ್ಲ. ಹವಾಯಿಯಲ್ಲಿ ವಯಸ್ಸನ್ನು ನೋಡಿ ದರ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರೇ ಒಪ್ಪಿದ ಕಾನೂನಿನಂತೆ ಚಾಲಕನ ಹಿಂದಿನ ದಾಖಲೆ, ವರ್ಷಕ್ಕೆ ಓಡಿಸುವ ದೂರ, ಚಾಲನೆಯ ಅನುಭವ ಈ ಮೂರಕ್ಕೆ ಮೊದಲ ತೂಕ ಕೊಡಬೇಕು. ಈ ಮಾತನ್ನು ಇಲ್ಲಿ ತಂದದ್ದು ಹೋಲಿಕೆಯ ಚಪಲಕ್ಕಲ್ಲ. ಅಲ್ಲಿ ಊರಿನ ಅಪಾಯ ಹೆಚ್ಚಿದ್ದರೆ ಅದು ದರದಲ್ಲಿ ಬಹಿರಂಗವಾಗಿ ಕಾಣುತ್ತದೆ, ಕಂಡದ್ದನ್ನು ಜನ ಪ್ರಶ್ನಿಸಬಹುದು. ನಮ್ಮಲ್ಲಿ ಅದು ಹಿಂಬಾಗಿಲಿನಿಂದ ಬರುತ್ತದೆ. ಆ ಹಿಂಬಾಗಿಲ ಹೆಸರು ನೋ ಕ್ಲೇಮ್ ಬೋನಸ್.

ವರ್ಷವಿಡೀ ಕ್ಲೇಮ್ ಮಾಡದವನಿಗೆ ಮುಂದಿನ ವರ್ಷ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 20 ಕಡಿತ ಸಿಗುತ್ತದೆ. ಹಾಗೆಯೇ ಸತತವಾಗಿ ನಡೆದರೆ ಎರಡನೇ ವರ್ಷಕ್ಕೆ ಶೇ 25, ಮೂರಕ್ಕೆ ಶೇ 35, ನಾಲ್ಕಕ್ಕೆ ಶೇ 45, ಐದಕ್ಕೆ ಶೇ 50. ಒಮ್ಮೆ ಕ್ಲೇಮ್ ಮಾಡಿದರೆ ಏಣಿಯ ಬುಡಕ್ಕೆ ಇಳಿದು ಮತ್ತೆ ಹತ್ತಬೇಕು. ಇಪ್ಪತ್ತು ವರ್ಷದಿಂದ ಕಾರು ಇಟ್ಟುಕೊಂಡಿರುವ ನನ್ನಂಥವನು ಹೆಚ್ಚಾಗಿ ಏಣಿಯ ತುದಿಯಲ್ಲಿರುತ್ತಾನೆ. ಹೊಸಬನ ಕಾಲು ಮೊದಲ ಮೆಟ್ಟಿಲ ಮೇಲಿರುತ್ತದೆ. ಕಾನೂನು ವಯಸ್ಸನ್ನು ಕೇಳದಿದ್ದರೂ ಯುವಕನೇ ಹೆಚ್ಚು ತೆರುವುದು ಈ ಕಾರಣಕ್ಕೆ.

ನನ್ನ ಅಕ್ಕನ ಮಗ ತೋರಣಗಲ್ಲಿನ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಬಳ್ಳಾರಿಯಿಂದ ದಿನವೂ ಕಾರಿನಲ್ಲಿ ಹೋಗಿಬರುತ್ತಾನೆ. ಎರಡು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವನಿಗೆ ಮೂರನೆಯ ವರ್ಷ ಕುಡತಿನಿಯ ಹತ್ತಿರ ಮುಂದೆ ಹೋಗುತ್ತಿದ್ದ ಅದಿರಿನ ಟಿಪ್ಪರಿನಿಂದ ಉದುರಿದ ಕಲ್ಲೊಂದು ಮುಂದಿನ ಗಾಜಿಗೆ ಬಡಿಯಿತು. ತಾಡಪತ್ರಿಯನ್ನು ಹೆಸರಿಗೆ ಮಾತ್ರ ಹೊದಿಸಿದ್ದ ಆ ಗಾಡಿ ನಿಲ್ಲಲಿಲ್ಲ. ಇವನಿಗೆ ಅದರ ನಂಬರು ಓದಲಾಗಲಿಲ್ಲ. ಗಾಜು ಬದಲಿಸಲು ಆರು ಸಾವಿರದಷ್ಟು ಖರ್ಚೆಂದು ಗ್ಯಾರೇಜಿನವರು ಹೇಳಿ, ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಹಾಕೋಣ ಎಂದರು, ಹಾಕಿದರು. ನವೀಕರಣದ ಹೊತ್ತಿಗೆ ಪ್ರೀಮಿಯಂ ನೋಡಿ ಅವನು ನನ್ನ ಮನೆಗೆ ಬಂದು, ‘ಮಾಮಾ, ತಪ್ಪು ನಂದಲ್ಲ, ಮತ್ತೆ ಬೋನಸ್ ಯಾಕ ಹೋತು?’ ಎಂದು ಕೇಳಿದ. ಆ ಬೋನಸ್ಸಿನ ಹೆಸರಿನಲ್ಲಿ ಇರುವುದು ಕ್ಲೇಮ್ ಎಂಬ ಮಾತೇ ಹೊರತು ತಪ್ಪು ಎಂಬ ಮಾತಲ್ಲ ಎಂದು ಅವನಿಗೆ ತಿಳಿಸಿ ಹೇಳಬೇಕಾಯಿತು. ಜೀವನವಿಡೀ ಇದೇ ಕೆಲಸ ಮಾಡಿದ ನಾನು ಸ್ವಂತ ಅಳಿಯನಿಗೆ ಮೊದಲೇ ಇದನ್ನು ಹೇಳಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅವನ ಎದುರಿಗೇ ಕಾಗದದ ಮೇಲೆ ಹಾಕಿದ ಲೆಕ್ಕವನ್ನು ಓದುಗರೂ ನೋಡಲಿ. ಬೋನಸ್ ಕಳೆಯುವ ಮೊದಲು ಸ್ವಂತ ಹಾನಿಯ ಪ್ರೀಮಿಯಂ ಪ್ರತಿವರ್ಷ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕ್ಲೇಮ್ ಮಾಡದಿದ್ದರೆ ಮೂರನೇ ವರ್ಷ ಮುಗಿದಾಗ ಅವನಿಗೆ ಶೇ 35 ಕಡಿತ ಸಿಗುತ್ತಿತ್ತು, ಮಾಡಿದ್ದರಿಂದ ಸೊನ್ನೆ. ಅಲ್ಲಿಗೆ 3,500 ಹೋಯಿತು. ಅದರ ಮುಂದಿನ ವರ್ಷ ಶೇ 45ರ ಬದಲು ಶೇ 20, 2,500. ಆಮೇಲೆ ಶೇ 50ರ ಬದಲು ಶೇ 25, ಮತ್ತೆ 2,500. ಅನಂತರ 1,500, ಕೊನೆಗೆ 500. ಒಟ್ಟು 10,500 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿದರೆ 12,390. ಕಾರು ಹಳೆಯದಾದಂತೆ ಅದರ ಬೆಲೆ ಇಳಿದು ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು. ಆದರೂ ಆರು ಸಾವಿರದ ಗಾಜಿಗೆ, ಅದರಲ್ಲೂ ಕ್ಲೇಮ್ ಮಾಡಿದಾಗ ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತದ 1,000 ರೂಪಾಯಿ ಕೈಯಿಂದ ಹಾಕಿದ ಮೇಲೆ, ಅವನು ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಬೋನಸ್ ಉಳಿಸುವ ಪ್ರತ್ಯೇಕ ರಕ್ಷಣೆಯೊಂದನ್ನು ಕಂಪನಿಗಳು ಹೆಚ್ಚುವರಿ ಹಣಕ್ಕೆ ಕೊಡುತ್ತವೆ. ಶೋರೂಮಿನಲ್ಲಿ, ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಬಂಪರ್ ಟು ಬಂಪರ್ ವಿಮೆಯ ಬಗ್ಗೆ ಅರ್ಧ ಗಂಟೆ ಹೇಳಿದವರು ಇದರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ಇದು ಒಬ್ಬ ಹುಡುಗನ ಕಥೆಯಾಗಿದ್ದರೆ ಪತ್ರಿಕೆಯ ಜಾಗ ಕೇಳುತ್ತಿರಲಿಲ್ಲ. ಸಂಡೂರು, ತೋರಣಗಲ್ಲು, ಹೊಸಪೇಟೆಗಳ ನಡುವೆ ಅದಿರು ಹೊತ್ತ ಲಾರಿಗಳು, ಕೊಪ್ಪಳದ ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಓಡುವ ಗಾಡಿಗಳು, ರಾಯಚೂರಿನ ಶಕ್ತಿನಗರದಿಂದ ಹಾರುಬೂದಿ ಒಯ್ಯುವ ಟ್ಯಾಂಕರುಗಳು, ಇವುಗಳ ಜತೆಯಲ್ಲೇ ನಮ್ಮ ಮಕ್ಕಳು ಕಾರು ಕಲಿಯುವುದು. ಸುಗ್ಗಿ ಬಂತೆಂದರೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ಭತ್ತ ತುಂಬಿದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ರೇಡಿಯಂ ಪಟ್ಟಿಯೂ ಇಲ್ಲದೆ ಹೋಗುತ್ತಿರುತ್ತವೆ. ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳವನ್ನೋ ಭತ್ತವನ್ನೋ ಹರವಿ, ಅದರ ಅಂಚಿಗೆ ದೊಡ್ಡ ಕಲ್ಲುಗಳನ್ನು ಇಟ್ಟಿರುತ್ತಾರೆ. ರಾತ್ರಿ ರಾಶಿ ತೆಗೆದರೂ ಆ ಕಲ್ಲು ಅಲ್ಲೇ ಉಳಿದಿರುತ್ತದೆ. ರೈತನಿಗೆ ಕಣ ಇಲ್ಲದಿರುವುದು ಅವನ ತಪ್ಪಲ್ಲ ಎಂಬುದನ್ನು ನಾನು ಬಲ್ಲೆ. ನಾನೂ ಒಕ್ಕಲುತನದ ಮನೆಯಿಂದ ಬಂದವನೇ. ಆದರೆ ಆ ಕಲ್ಲಿಗೆ ಚಕ್ರ ಕೊಟ್ಟು ಮಗುಚಿದ ಕಾರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವುಗಳ ಪಕ್ಕದಲ್ಲಿ ನಿಂತು ಫೋಟೊ ತೆಗೆದಿದ್ದೇನೆ, ಒಳಗಿದ್ದವರ ವಯಸ್ಸನ್ನು ಫಾರಂನಲ್ಲಿ ಬರೆದಿದ್ದೇನೆ.

ಎರೆಭೂಮಿಯ ರಸ್ತೆಯ ಸ್ವಭಾವವನ್ನೂ ಹೊಸ ಚಾಲಕ ಅರಿತಿರುವುದಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಮೇಲೆ ಹಾಕಿದ ಡಾಂಬರು ಅಲೆಅಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಅದರ ಮೇಲೆ ಮಿತಿಮೀರಿದ ಭಾರ ಹೊತ್ತ ಲಾರಿ ಓಡಿದರೆ ಚಕ್ರದ ಜಾಡು ಕಾಲುವೆಯಂತೆ ಇಳಿಯುತ್ತದೆ. ಎದುರಿನಿಂದ ಬಂದ ಗಾಡಿಗೆ ದಾರಿ ಬಿಡಲು ಎಡಗಾಲಿಯನ್ನು ಅಂಚಿಗೆ ಇಳಿಸಿದ ಹುಡುಗ ಮರಳಿ ರಸ್ತೆಗೆ ಹತ್ತಿಸುವಾಗ ಸ್ಟೀರಿಂಗ್ ಹೆಚ್ಚು ತಿರುಗಿಸಿ ಹತೋಟಿ ತಪ್ಪುತ್ತಾನೆ. ಡ್ರೈವಿಂಗ್ ಶಾಲೆಗಳು ಎಂಟು ಹಾಕುವುದನ್ನು ಕಲಿಸುತ್ತವೆ, ಇದನ್ನು ಕಲಿಸುವುದಿಲ್ಲ.

ಎದುರಿನ ಗಾಡಿಗೆ ವಿಮೆ ಇದ್ದರೆ ಅದರ ಥರ್ಡ್ ಪಾರ್ಟಿ ಪಾಲಿಸಿಯಿಂದ ನಮ್ಮ ಕಾರಿನ ನಷ್ಟ ಕೇಳಬಹುದು. ಆದರೆ ಸಾಲ ತೀರಿದ ಮೇಲೆ ವಿಮೆ ನವೀಕರಿಸದೆ ಬಿಟ್ಟ ಟ್ರ್ಯಾಕ್ಟರುಗಳು ನನ್ನ ಕೈಗೆ ಬಂದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಂಡಿವೆ. ಅಂಥ ಟ್ರ್ಯಾಕ್ಟರ್ ಗುದ್ದಿದರೆ ನ್ಯಾಯಮಂಡಳಿಗೆ ಹೋಗಿ ಅದರ ಬಡ ಮಾಲೀಕನಿಂದ ವಸೂಲಿ ಮಾಡುವಷ್ಟು ತಾಳ್ಮೆ ಯಾವ ಇಪ್ಪತ್ತಮೂರರ ಹುಡುಗನಿಗಿದೆ? ಅವನು ತನ್ನದೇ ಪಾಲಿಸಿಯಲ್ಲಿ ಕ್ಲೇಮ್ ಮಾಡುತ್ತಾನೆ, ಬೋನಸ್ ಕಳೆದುಕೊಳ್ಳುತ್ತಾನೆ. ಬೇರೆಯವರು ಕಟ್ಟದ ವಿಮೆಯ ಹಣವನ್ನು ಅವನು ಕಟ್ಟಿದಂತಾಗುತ್ತದೆ.

ನಮ್ಮ ಮನೆಗಳ ಒಂದು ರೂಢಿಯ ಬಗ್ಗೆಯೂ ಹೇಳಬೇಕು. ಮಗ ಓಡಿಸುವ ಕಾರನ್ನು ಅಪ್ಪನ ಹೆಸರಿನಲ್ಲಿ ಕೊಳ್ಳುವುದು ಬಳ್ಳಾರಿಯಿಂದ ರಾಯಚೂರಿನವರೆಗೆ ಎಲ್ಲ ಕಡೆಯೂ ಇದೆ. ಬೋನಸ್ ಕಾರಿನದಲ್ಲ, ಪಾಲಿಸಿಯಲ್ಲಿ ಹೆಸರಿರುವ ಮಾಲೀಕನದು. ಆರು ವರ್ಷ ಒಂದು ಕ್ಲೇಮೂ ಇಲ್ಲದೆ ಓಡಿಸಿದ ಮಗ ಮದುವೆಯಾದ ಮೇಲೆ ತನ್ನ ಹೆಸರಿನಲ್ಲಿ ಕಾರು ಕೊಂಡಾಗ ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ. ಇದಕ್ಕಿಂತ ನೋವಿನ ಸಂಗತಿಯೆಂದರೆ, 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆ ಸಿಗುವುದು ಮಾಲೀಕನೇ ಚಾಲಕನಾಗಿದ್ದಾಗ. ಅಪ್ಪನ ಹೆಸರಿನ ಕಾರನ್ನು ಓಡಿಸುತ್ತಾ ಮಗ ತೀರಿಕೊಂಡರೆ ಆ ಹಣ ಬರುವುದಿಲ್ಲ. ಬೆಳೆದ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಕುಳಿತು ಈ ಮಾತನ್ನು ಹೇಳುವ ಕೆಲಸ ನನಗೆ ಬಂದಿದೆ. ಮಗ ದುಡಿಯುತ್ತಿದ್ದರೆ ಕಾರು ಅವನ ಹೆಸರಿನಲ್ಲೇ ಇರಲಿ. ಇಲ್ಲವಾದರೆ ಅವನಿಗೆಂದು ಬೇರೆ ಅಪಘಾತ ವಿಮೆ ಮಾಡಿಸಿ ಎಂದು ತಂದೆತಾಯಿಯರಲ್ಲಿ ಕೈಮುಗಿದು ಕೇಳುತ್ತೇನೆ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವವರಿಗೆ ಕಾಯ್ದೆಯ 199ಎ ಸೆಕ್ಷನ್ ಮೂರು ವರ್ಷ ಜೈಲು, 25,000 ರೂಪಾಯಿ ದಂಡ ಹೇಳುತ್ತದೆ. ಅಪಘಾತವಾದರೆ ಕಂಪನಿ ಪರಿಹಾರ ಕೊಟ್ಟರೂ ಅದನ್ನು ಮಾಲೀಕನಿಂದ ವಸೂಲಿ ಮಾಡಬಹುದು.

ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವವರಿಗೆ ಒಂದೇ ಮಾತು: ಹಂಪಿಗೆ ಪ್ರವಾಸಿಗರನ್ನೋ, ಮಂತ್ರಾಲಯಕ್ಕೆ ಭಕ್ತರನ್ನೋ ಹಣ ಪಡೆದು ಒಯ್ಯುವಾಗ ಅಪಘಾತವಾದರೆ ಖಾಸಗಿ ಕಾರಿನ ಪಾಲಿಸಿಯ ಷರತ್ತು ಮುರಿದಂತೆ, ಕ್ಲೇಮ್ ತಿರಸ್ಕೃತವಾಗಬಹುದು.

ಹೊಸ ಕಾರಿನ ಪಾಲಿಸಿ ಮತ್ತೊಂದು ಗೊಂದಲಕ್ಕೆ ಕಾರಣವಾಗಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ‘ಮೂರು ವರ್ಷದ ಇನ್ಶೂರೆನ್ಸ್ ಐತಿ’ ಎಂದು ನಿಶ್ಚಿಂತನಾಗಿ ಎರಡನೇ ವರ್ಷ ನವೀಕರಿಸದೆ ಬಿಟ್ಟ ಹುಡುಗರ ಕಾರುಗಳಿಗೆ ನಾನು ಸರ್ವೆಯನ್ನೇ ಮಾಡಲಾಗದೆ ಮರಳಿದ್ದೇನೆ. ಅವಧಿ ಮುಗಿದು 90 ದಿನ ದಾಟಿದರೆ ಗಳಿಸಿದ ಬೋನಸ್ಸೂ ಹೋಗುತ್ತದೆ. ಈ ಷರತ್ತುಗಳೆಲ್ಲ ಪಾಲಿಸಿಯಲ್ಲಿ ಇವೆ, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ.

ಆದ್ದರಿಂದ ಕೆಲವು ಕೋರಿಕೆಗಳನ್ನು ಸಂಬಂಧಪಟ್ಟವರ ಮುಂದಿಡುತ್ತೇನೆ. ಮುಂದಿನ ಗಾಜು ಒಡೆದ ಮಾತ್ರಕ್ಕೆ, ಬೇರೆ ಯಾವ ಹಾನಿಯೂ ಇಲ್ಲದಿದ್ದಾಗ, ನೋ ಕ್ಲೇಮ್ ಬೋನಸ್ ಕಳೆಯಬಾರದೆಂಬ ನಿಯಮವನ್ನು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಅನ್ವಯಿಸುವಂತೆ ಮಾಡಬೇಕು. ಇನ್ನೊಬ್ಬರದೇ ತಪ್ಪೆಂದು ಪೊಲೀಸ್ ದಾಖಲೆಯಲ್ಲಿ ಸ್ಪಷ್ಟವಾಗಿದ್ದಾಗಲೂ ಬೋನಸ್ ಉಳಿಯಬೇಕು. ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ತಕ್ಕಂತೆ ಪ್ರೀಮಿಯಂ ಪಡೆಯುವ ಪಾಲಿಸಿಗಳಿಗೆ ಇದೇ ಪ್ರಾಧಿಕಾರ 2022ರ ಜುಲೈನಲ್ಲಿ ಅನುಮತಿ ಕೊಟ್ಟಿದೆ. ಭಾನುವಾರ ಮಾತ್ರ ಕಾರು ತೆಗೆಯುವ ನಮ್ಮ ಊರಿನ ಹುಡುಗರಿಗೆ ಇದು ತಕ್ಕ ವ್ಯವಸ್ಥೆ, ಆದರೆ ಇಂಥದೊಂದು ಇದೆ ಎಂದು ನನ್ನ ಬಳಿ ಬಂದ ಯಾರಿಗೂ ಗೊತ್ತಿರಲಿಲ್ಲ. ಲೈಸೆನ್ಸ್ ಕೊಡುವ ದಿನವೇ ಸಾರಿಗೆ ಕಚೇರಿಯಲ್ಲಿ ಈ ವಿಷಯಗಳನ್ನು ತಿಳಿಸುವ ಒಂದು ಪುಟದ ಕನ್ನಡ ಚೀಟಿ ಕೈಗಿಟ್ಟರೆ ಸಾಕು. ಬರೆದುಕೊಡಲು ನಾನು ಸಿದ್ಧನಿದ್ದೇನೆ, ಹಣವೇನೂ ಬೇಕಿಲ್ಲ.

ಉಳಿದದ್ದು ಜಿಲ್ಲಾಡಳಿತದ ಕೈಯಲ್ಲಿದೆ. ಮಿತಿಮೀರಿ ಭಾರ ಹೇರಿದರೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡ ಎಂದು ಕಾಯ್ದೆಯ 194ನೇ ಸೆಕ್ಷನ್ ಹೇಳುತ್ತದೆ. ಗಣಿಯ ಬಾಗಿಲಲ್ಲೇ ತೂಕವನ್ನೂ ತಾಡಪತ್ರಿಯನ್ನೂ ನೋಡಿ ಬಿಟ್ಟರೆ ಕುಡತಿನಿಯವರೆಗೆ ಕಲ್ಲು ಉದುರುವ ಪ್ರಶ್ನೆಯೇ ಬರುವುದಿಲ್ಲ. ಅದಿರಿನಿಂದಲೇ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಒಂದು ಸಣ್ಣ ಪಾಲನ್ನು ಹಳ್ಳಿಗಳಲ್ಲಿ ಕಾಂಕ್ರೀಟ್ ಕಣ ಕಟ್ಟಿಸಲು, ಟ್ರ್ಯಾಕ್ಟರ್ ಟ್ರೇಲರುಗಳಿಗೆ ಉಚಿತವಾಗಿ ರೇಡಿಯಂ ಪಟ್ಟಿ ಅಂಟಿಸಲು ತೆಗೆದಿಡಲು ಸಾಧ್ಯವೇ ಎಂದು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ತನ್ನ ಮುಂದಿನ ಸಭೆಯಲ್ಲೇ ಚರ್ಚಿಸಲಿ. ಭತ್ತದ ಕೊಯ್ಲು ಆರಂಭವಾದ ಮೇಲೆ ಪಟ್ಟಿ ಅಂಟಿಸಲು ಟ್ರ್ಯಾಕ್ಟರುಗಳು ನಿಂತಲ್ಲಿ ಸಿಗುವುದಿಲ್ಲ. ಎಪಿಎಂಸಿ ಅಂಗಳದಲ್ಲಿ, ಅಕ್ಕಿ ಗಿರಣಿಗಳ ಮುಂದೆ, ಕೊಯ್ಲಿಗೆ ಹದಿನೈದು ದಿನ ಮೊದಲೇ ಈ ಕೆಲಸ ಮುಗಿಯಬೇಕು.

ನಿವೃತ್ತ ಮೋಟಾರು ವಿಮಾ ಸರ್ವೇಯರ್,
ಗಾಂಧಿನಗರ, ಬಳ್ಳಾರಿ